ಅವತ್ತಿನದು ಅವತ್ತೇ ಬರೆದೆವು

ದಾವಣಗೆರೆ ಸುತ್ತಮುತ್ತ ಮನೆ ಕಟ್ಟಿಕೊಡುವ ಗುತ್ತಿಗೆ ನನ್ನದು. ಚದರಕ್ಕೆ ಇಷ್ಟು ಅಂತ ಮಾತಾಡಿ, ಅಡ್ವಾನ್ಸ್ ತಗೊಂಡು ಪಾಯ ತೆಗೆಯೋದು ನಮ್ಮಲ್ಲಿನ ರೂಢಿ. ಒಂದು ಮನೆಯಲ್ಲಿ ಆ ಬಾಯಿಮಾತೇ ಮುಳುವಾಯಿತು. ಗೋಡೆ ಎದ್ದ ಮೇಲೆ ಮಾಲೀಕರು ಕಿಟಕಿ ಸರಿಸಿ ಅಂದರು, ಸರಿಸಿದೆ. ಸಜ್ಜಾ ಉದ್ದ ಮಾಡಿ ಅಂದರು, ಮಾಡಿದೆ. ಕೊನೆಗೆ ಎಕ್ಸ್‌ಟ್ರಾ ಲೆಕ್ಕ ಮುಂದಿಟ್ಟಾಗ, "ಇದಕ್ಕೂ ದುಡ್ಡಾ?" ಅಂದರು. ಅವರದು ಮೋಸವಲ್ಲ. ಕೆಲಸದ ದಿನ ನಾನೇ ಹೇಳಿರಲಿಲ್ಲ. ಗೃಹಪ್ರವೇಶಕ್ಕೆ ಅವರು ನನ್ನನ್ನು ಕರೆಯಲಿಲ್ಲ. ಆ ನೋವು ಇನ್ನೂ ಇದೆ.

ಮುಂದಿನದು 30×40 ಸೈಟು. ಗುದ್ದಲಿ ಪೂಜೆಯ ದಿನವೇ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಸಿಮೆಂಟ್ ಶೆಡ್ಡಿನ ಮೊಳೆಗೆ ನೇತುಹಾಕಿದೆ. ಏನೇ ಬದಲಾದರೂ ಅವತ್ತೇ ಬರೆಯಬೇಕು: ಏನು ಕೆಲಸ, ಎಷ್ಟು ದಿನ, ಎಷ್ಟು ದುಡ್ಡು. ಇಬ್ಬರ ಸಹಿ ಬಿದ್ದ ಮೇಲೇ ಕೈ ಹಾಕೋದು. ಬೇಡವೆಂದು ಬಿಟ್ಟ ಕೆಲಸದ ದುಡ್ಡನ್ನೂ ಕಳೆದು ಬರೆದೆ. ಮಾಲೀಕರ ಮುಖ ಸಡಿಲಾಗಿದ್ದು ಆ ಸಾಲು ಓದಿದ ಮೇಲೆ.

ಕಂಬಿ ಅವರೇ ತರಿಸಿದರು, ತೂಕದ ಬಗ್ಗೆ ಅನುಮಾನವಿತ್ತು. ಕಂಬಿಯ ದಪ್ಪದ ಎಂಎಂ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 12 ಎಂಎಂ ಕಂಬಿಗೆ ಸುಮಾರು 0.89. ಅವರ ಮಗಳು ಕಂಬಿ ಎಣಿಸಿ, ವೇಬ್ರಿಜ್ ಚೀಟಿಗೆ ತಾಳೆ ನೋಡಿದಳು.

ಅಡುಗೆಮನೆ ಕಟ್ಟೆ ಪ್ಲಾನಿನಲ್ಲಿ 33 ಇಂಚು ಎತ್ತರ ಇತ್ತು. ಮಾಲೀಕರ ತಾಯಿ ಕುಳ್ಳಗಿನವರು. "ತಮ್ಮಾ, ಇಷ್ಟೆತ್ತರದಾಗ ರೊಟ್ಟಿ ಬಡಿಯಾಕ ಆಗಂಗಿಲ್ಲ" ಅಂದರು. ಇಟ್ಟಿಗೆ ಪೇರಿಸಿ, ಮೇಲೆ ಸೆಂಟ್ರಿಂಗ್ ಹಲಗೆ ಇಟ್ಟೆ. ಹಿಟ್ಟಿಲ್ಲದೆ ಬರಿಗೈಯಲ್ಲೇ ಬಡಿದು ನೋಡಿದರು, ಭುಜ ಮೇಲೇಳುತ್ತಿತ್ತು. ಒಂದು ವರಸೆ ತೆಗೆದೆ, ಆಗಲಿಲ್ಲ. ಇನ್ನೊಂದು ತೆಗೆದೆ. 27 ಇಂಚಿಗೆ ಬಂದಾಗ ಮೊಣಕೈ ಸಲೀಸಾಗಿ ಆಡಿತು. ಕಿಟಕಿ ಪಕ್ಕ 3 ಅಡಿ ಮಾತ್ರ ತಗ್ಗಿಸಿದೆವು. "ರೊಟ್ಟಿ ಕಟ್ಟೆ, 27 ಇಂಚು, ಹೆಚ್ಚಿನ ಖರ್ಚಿಲ್ಲ" ಅಂತ ಪುಸ್ತಕಕ್ಕೆ ಬಿತ್ತು. ಗ್ರಾನೈಟ್ ಕೂತ ಮೇಲೆ ಇದು ಗೊತ್ತಾಗಿದ್ದರೆ ಒಡೆಯಬೇಕಿತ್ತು.

ತಾರಸಿಗೆ ಮೋಲ್ಡ್ ಹಾಕಿದ ವಾರಕ್ಕೇ ಆಸರೆ ಕಂಬ ಬಿಚ್ಚಿ, ಒಳಗಿನ ಗಾರೆ ಶುರುಮಾಡಿ ಅಂದರು ಮಾಲೀಕರು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ, ಸಾದಾ (ಓಪಿಸಿ) ಸಿಮೆಂಟಾದರೆ ಗೋಡೆಯಿಂದ ಗೋಡೆಗೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಸರೆ ಕಂಬಕ್ಕೆ ಕನಿಷ್ಠ 7 ದಿನ. ಆದರೆ ಹಾಲ್‌ನ ತೊಲೆ ಕೆಳಗೆ ಕನಿಷ್ಠ 14 ದಿನ ಬೇಕು. ಅದನ್ನು ಪ್ಲಾನ್ ಮೇಲೇ ತೋರಿಸಿದೆ, ಒಪ್ಪಿದರು. ನಾವು ಬಳಸಿದ್ದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು, ಕ್ಯೂರಿಂಗ್ (ನೀರುಣಿಸೋದು) ಕನಿಷ್ಠ 10 ದಿನ. ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವ ಕೆಲಸವನ್ನು ಅವರೇ ವಹಿಸಿಕೊಂಡರು.

ಮೆಟ್ಟಿಲು ಒಂದು ಇಂಚು ಹೆಚ್ಚುಕಮ್ಮಿಯಾಯಿತು. ಅವರು ನೋಡಿರಲಿಲ್ಲ. "ನಮ್ಮ ತಪ್ಪು, ನಮ್ಮ ಖರ್ಚು" ಅಂತ ಬರೆದು ಒಡೆಸಿ ಕಟ್ಟಿಸಿದೆ. ಎದೆ ಹೊಡೆದುಕೊಂಡಿತ್ತು, ನಿಜ. ಅದಾಗಿ ತಿಂಗಳಲ್ಲೇ ಬ್ಯಾಂಕಿನಿಂದ ಸಾಲದ ಕಂತು ಬರೋದು ತಡವಾಗುತ್ತೆ ಅಂತ ಅವರೇ ಮೊದಲು ಬಂದು ಹೇಳಿದರು. ಗಾರೆಯವರನ್ನು ಬೇರೆ ಸೈಟಿಗೆ ಕಳಿಸಿದೆ. ಯಾರ ಕೂಲಿಯೂ ನಿಲ್ಲಲಿಲ್ಲ, ಕಂತು ಬಂದ ಮಾರನೆಯ ದಿನವೇ ಕರಣೆ ಹಿಡಿದು ವಾಪಸು ಬಂದರು.