ಹುಡುಗೀರ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಟೀಮ್‌ಗೆ ಕೋಚಿಂಗ್ ಹೇಗ್ ಮಾಡೋದು

ಮೊದ್ಲು ಅಮೆರಿಕದ ಪ್ಯಾಟ್ ಸಮಿಟ್ ಅವ್ರಿಂದ ಕಲೀರಿ, ಟೆನ್ನೆಸ್ಸೀ ಯೂನಿವರ್ಸಿಟಿಗೆ 8 ಎನ್‌ಸಿಎಎ (ಅಮೆರಿಕದ ಕಾಲೇಜ್ ಚಾಂಪಿಯನ್‌ಶಿಪ್) ಟೈಟಲ್ ಗೆದ್ದುಕೊಟ್ಟ ಕೋಚ್, ತುಂಬಾ ಸ್ಟ್ರಿಕ್ಟು, ಆದ್ರೆ ಅವ್ರು ತಪ್ಪು ತೋರಿಸಿದ್ರೆ ಆಟಗಾರ್ತಿ ‘ರೀಬೌಂಡ್’ (ಮಿಸ್ ಆದ ಬಾಲನ್ನ ಹಿಡಿಯೋದು) ಅನ್ಬೇಕಿತ್ತು, ಹೊಗಳಿದ್ರೆ ‘ಟೂ ಪಾಯಿಂಟ್ಸ್’, ಅಂದ್ರೆ ಹೇಳಿದ್ದು ತಲೆಗೆ ಹೋಯ್ತಾ ಇಲ್ವಾ ಅಲ್ಲೇ ಗೊತ್ತಾಗೋದು. ಇದನ್ನ ನಾಳೆಯಿಂದ್ಲೇ ಶುರು ಮಾಡಿ, ದುಡ್ಡೇನೂ ಬೇಡ.

ಪ್ರಾಕ್ಟೀಸು ಮ್ಯಾಚ್‌ಗಿಂತ ಕಷ್ಟ ಇರ್ಲಿ. ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಕೋಚ್ ಜೀನೊ ಆರಿಯೆಮಾ ಪ್ರಾಕ್ಟೀಸಲ್ಲಿ ತಮ್ಮ ಟೀಮ್‌ನ ಹುಡುಗರ ಎದುರು ಆಡಿಸ್ತಾರೆ, 12 ಟೈಟಲ್ ಸುಮ್ನೆ ಬಂದಿಲ್ಲ.

ಬರೀ ಬೈಯ್ತಿದ್ರೆ ಮಾತ್ರ ಯಾರೂ ಉಳಿಯಲ್ಲ. ಸೌತ್ ಕ್ಯಾರೊಲಿನಾ ಯೂನಿವರ್ಸಿಟಿ ಕೋಚ್ ಡಾನ್ ಸ್ಟೇಲಿ 2023ರಲ್ಲಿ ಐದೂ ಸ್ಟಾರ್ಟರ್ಸ್ (ಮ್ಯಾಚ್ ಶುರುವಲ್ಲೇ ಆಡೋರು) ಟೀಮ್ ಬಿಟ್ಟು ಹೋದ್ಮೇಲೆ ಉಳಿದೋರನ್ನೇ ನಂಬಿ, ಬೆಂಚಿನೋರಿಗೂ ಚಾನ್ಸ್ ಕೊಟ್ಟು ಮುಂದಿನ ಸೀಸನ್ 38-0 ಮಾಡಿ, ಅಂದ್ರೆ ಒಂದೂ ಮ್ಯಾಚ್ ಸೋಲದೆ, ಟೈಟಲ್ ಗೆದ್ರು. ನೀವೂ ಒಂಬತ್ತು ಜನಕ್ಕಾದ್ರೂ ಟೈಮ್ ಕೊಡಿ, ಯಾಕೆ ಕೂರಿಸಿದೀನಿ ಅಂತ ಕೂತವಳಿಗೆ ನೇರವಾಗಿ ಹೇಳಿ.