ರ‍್ಯಾಂಪು, ಬಚ್ಚಲು, ಗಾಲಿಕುರ್ಚಿ: ದುಡ್ಡು ಹೊಂದಿಸುವುದು ಹೇಗೆ?

ಮನೆಯಲ್ಲಿ ಒಬ್ಬರಿಗೆ ಪಾರ್ಶ್ವವಾಯು ಬಡಿದೋ ಬೆನ್ನುಹುರಿಗೆ ಪೆಟ್ಟು ಬಿದ್ದೋ ನಡೆಯಲಾಗದೆ ಹೋದಾಗ ನೆಂಟರು ಕೇಳುವುದು, ‘ಎಷ್ಟು ಬೇಕು?’ ಅಂತ. ‘ಒಂದೆರಡು ಲಕ್ಷ ಆಗಬಹುದು’ ಎಂಬ ಉತ್ತರಕ್ಕೆ ಹಣ ಹುಟ್ಟುವುದು ಕಷ್ಟ. ಕೊಡುವವರಿಗೂ ಕಚೇರಿಗೂ ಬೇಕಾದ್ದು ಸಾಮಾನಿನ ಹೆಸರು, ಅಳತೆ, ದರ. ಆದ್ದರಿಂದ ಮೊದಲು ಟೇಪು ಹಿಡಿಯಿರಿ.

ಮುಂಬಾಗಿಲಿಗೆ 6 ಇಂಚಿನ ಮೂರು ಮೆಟ್ಟಿಲಿದ್ದರೆ ಏರು 18 ಇಂಚು. ಒಂದು ಇಂಚು ಏರಲು 12 ಇಂಚು ಉದ್ದ ಬೇಕು, ಅಂದರೆ ರ‍್ಯಾಂಪು 18 ಅಡಿ. ಜಾಗವಿಲ್ಲವೆಂದು ಮೇಸ್ತ್ರಿ ಅದನ್ನು ಆರೇಳು ಅಡಿಗೆ ಮುಗಿಸಿದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಹಿಡಿದವರ ಕೈ ಮೀರುತ್ತದೆ. ಒಂದೇ ನೇರಕ್ಕೆ ಜಾಗ ಸಾಲದಿದ್ದರೆ ನಡುವೆ 5 ಅಡಿ ಚೌಕದ ಸಮತಟ್ಟು ಬಿಟ್ಟು ತಿರುಗಿಸಿ. ಹೊಸ್ತಿಲು ಕೀಳಲು ಹಿರಿಯರು ಒಪ್ಪದಿದ್ದರೆ ಕೀಳಬೇಡಿ. 2 ಇಂಚಿನ ಹೊಸ್ತಿಲಿಗೆ ಎರಡೂ ಬದಿ 2 ಅಡಿ ಉದ್ದದ ಮರದ ಇಳಿಜಾರು ಸಾಕು. ಬಚ್ಚಲ ಬಾಗಿಲನ್ನು ಅಳೆಯುವಾಗ ಚೌಕಟ್ಟನ್ನಲ್ಲ, ಬಾಗಿಲು ತೆರೆದ ಮೇಲೆ ಉಳಿಯುವ ಜಾಗವನ್ನು ಅಳೆಯಿರಿ. ಸಾಧಾರಣ ಗಾಲಿಕುರ್ಚಿಯೇ ಎರಡು ಅಡಿಯಷ್ಟು ಅಗಲವಿರುತ್ತದೆ, ಚಕ್ರ ತಳ್ಳುವ ಕೈಗೂ ಎಡೆ ಬೇಕು.

ಕುರ್ಚಿಯ ಅಳತೆಯನ್ನು ಫಿಸಿಯೋಥೆರಪಿಸ್ಟ್ ತೆಗೆಯಲಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಇದೇ ಕೆಲಸದಲ್ಲಿ ಪಳಗಿದ ಸಂಸ್ಥೆಗಳು. ಆಸನ ಸೊಂಟದ ಅಗಲಕ್ಕಿಂತ ಒಂದೆರಡು ಇಂಚು ಮಾತ್ರ ದೊಡ್ಡದಿರಬೇಕು. ಸ್ಪರ್ಶಜ್ಞಾನ ಇಲ್ಲದವರಿಗೆ ಒತ್ತಡ ತಗ್ಗಿಸುವ ದಿಂಬು ಕುರ್ಚಿಯಷ್ಟೇ ಮುಖ್ಯ. ಅದನ್ನು ಪಟ್ಟಿಯಿಂದ ಬಿಟ್ಟು ಆಮೇಲೆ ಒತ್ತುಹುಣ್ಣಿಗೆ ಆಸ್ಪತ್ರೆ ಅಲೆಯುವ ಮನೆಗಳಿವೆ. ಪ್ರತಿ ಸಾಮಾನಿಗೂ ಎರಡು ಕಡೆ ಕೊಟೇಶನ್ ತನ್ನಿ. ಗಾಲಿಕುರ್ಚಿಗೆ ಜಿಎಸ್‌ಟಿ ಶೇ. 5, ಶೇ. 18 ಎಂದು ಬರೆದಿದ್ದರೆ ಪ್ರಶ್ನಿಸಿ.

ಈಗ ಮೊತ್ತವನ್ನು ಒಡೆಯಬೇಕು. ರ‍್ಯಾಂಪಿಗೆ 60,000, ಬಚ್ಚಲಿಗೆ 45,000, ಕುರ್ಚಿಗೆ 15,000, ದಿಂಬಿಗೆ 20,000, ಒಟ್ಟು 1,40,000 ರೂ. ಎಂದಿಟ್ಟುಕೊಳ್ಳಿ. ಕುರ್ಚಿಯನ್ನು, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಕೇಳಿ. ಅದಕ್ಕೆ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಮತ್ತು ಯುಡಿಐಡಿ ಕಾರ್ಡು (ಅಂಗವಿಕಲರ ರಾಷ್ಟ್ರೀಯ ಗುರುತಿನ ಚೀಟಿ) ಬೇಕು. ತಿಂಗಳ ಆದಾಯ 22,500 ರೂ. ಒಳಗಿದ್ದರೆ ಪೂರ್ತಿ ನೆರವು, 30,000ದವರೆಗೆ ಅರ್ಧ. ಈ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೋದ ಶಿಬಿರದಲ್ಲಿ ಅಳತೆ ಒಂದು ದಿನ, ವಿತರಣೆ ಬಹಳ ದಿನಗಳ ನಂತರ. ಹಾಗಾಗಿ ಅರ್ಜಿ ಇವತ್ತೇ ಹಾಕಿ, ಕಾಯುವಷ್ಟು ದಿನಕ್ಕೆ ಬಾಡಿಗೆ ಕುರ್ಚಿ ತನ್ನಿ.

ರ‍್ಯಾಂಪಿಗೆ ಗ್ರಾಮ ಪಂಚಾಯಿತಿ. ಸ್ವಂತ ಸಂಪನ್ಮೂಲದ ಶೇ. 5ನ್ನು ಅದು ವಿಕಲಚೇತನರಿಗಾಗಿ ತೆಗೆದಿಡಬೇಕು. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ಎಲ್ಲರೂ ವಿಆರ್‌ಡಬ್ಲ್ಯು ಎನ್ನುತ್ತಾರೆ) ಕಂಡು, ಕೊಟೇಶನ್, ಯುಡಿಐಡಿ, ಆಧಾರ್, ಮೆಟ್ಟಿಲಿನ ಫೋಟೊ ಲಗತ್ತಿಸಿ ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲೇ ಬಹಳ ಜನ ಎಡವುತ್ತಾರೆ: ಕೆಲಸ ಮುಗಿಸಿ ಬಿಲ್ಲು ಹಿಡಿದುಕೊಂಡು ಹೋಗುತ್ತಾರೆ. ಮಂಜೂರಾಗುವ ಮೊದಲೇ ಮಾಡಿಸಿದ ಕೆಲಸಕ್ಕೆ ಹಣ ಬರುತ್ತದೆಂದು ನಂಬಬೇಡಿ. ಮಾರ್ಚ್ ಕೊನೆಗೆ ಹೋದರೆ ಆ ವರ್ಷದ ಹಣ ಮುಗಿದಿರುತ್ತದೆ.

ಕುರ್ಚಿ ಅಡಿಪ್‌ನಲ್ಲಿ ಪೂರ್ತಿ ಸಿಕ್ಕಿತು, ಪಂಚಾಯಿತಿ 30,000 ಕೊಟ್ಟಿತು, ಬಚ್ಚಲನ್ನು ಅಣ್ಣತಮ್ಮಂದಿರು ವಹಿಸಿಕೊಂಡರು ಎನ್ನಿ. ಊರಿನವರ ಮುಂದೆ ಇಡಬೇಕಾದ ಮೊತ್ತ ಈಗ 1,40,000 ಅಲ್ಲ, 50,000.

ಈ 50,000ಕ್ಕೆ ಇನ್ನೊಂದು ಮಹತ್ವವಿದೆ. ಆದಾಯ ತೆರಿಗೆಯ ಕಾನೂನಿನಲ್ಲಿ ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ 50,000 ರೂ. ದಾಟಿದರೆ ಅಷ್ಟೂ ಹಣ ನಿಮ್ಮ ಆದಾಯವೆನಿಸುತ್ತದೆ. ಚಿಕ್ಕಪ್ಪ, ಸೋದರಮಾವ ಸಂಬಂಧಿಕರ ಲೆಕ್ಕಕ್ಕೆ ಬರುತ್ತಾರೆ. ಅವರ ಮಕ್ಕಳು ಬರುವುದಿಲ್ಲ! ಹೆಚ್ಚು ಬೇಕಿದ್ದರೆ 80ಜಿ ನೋಂದಣಿಯ (ದಾನಿಗೆ ತೆರಿಗೆ ರಿಯಾಯಿತಿ ಕೊಡಿಸಬಲ್ಲ) ಟ್ರಸ್ಟ್ ಒಂದನ್ನು ಒಪ್ಪಿಸಿ. ದಾನಿಗಳು ಟ್ರಸ್ಟಿಗೆ ಕೊಡಲಿ, ಟ್ರಸ್ಟು ಅಂಗಡಿಗೆ ನೇರವಾಗಿ ಪಾವತಿಸಲಿ. ವಿದೇಶದಲ್ಲಿರುವ ಗೆಳೆಯರು ಭಾರತದ ಪಾಸ್‌ಪೋರ್ಟಿನವರಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದ ಗೆಳೆಯರು, ಅಲ್ಲಿನ ಕನ್ನಡ ಕೂಟಗಳು ಕೊಡುವುದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯ ಸಂಸ್ಥೆಯ ಮೂಲಕವೇ ಬರಲಿ.

ವಾಟ್ಸ್‌ಆ್ಯಪ್‌ಗೆ ಬರೆಯುವಾಗ ಹೀಗೆ ಬರೆಯಿರಿ: ‘ಅಮ್ಮನಿಗೆ ಒತ್ತುಹುಣ್ಣು ಆಗದಂಥ ದಿಂಬು, 20,000 ರೂ. ಮುಂಬಾಗಿಲಿನ 18 ಅಡಿ ರ‍್ಯಾಂಪಿಗೆ ಇನ್ನೂ ಬೇಕಾದ್ದು 30,000. ಅಡಿಗೆ ಸುಮಾರು 1,700 ಬೀಳುತ್ತದೆ. ಒಂದಡಿ, ಅರ್ಧ ಅಡಿ ಕೊಟ್ಟರೂ ಸರಿ. ಜೂನ್ 30ರೊಳಗೆ ಬೇಕು. ಕೊಟೇಶನ್ ಜೊತೆಗಿದೆ.’ ‘ಒಂದಡಿ ನಂದು’ ಎಂದು ಹೇಳಿಕೊಳ್ಳುವಂತಾದರೆ ಜನ ಕೊಡುತ್ತಾರೆ. ಹಾಸಿಗೆಯಲ್ಲಿ ಮಲಗಿಸಿ ತೆಗೆದ ಫೋಟೊ ಬೇಡವೇ ಬೇಡ. ಮೆಟ್ಟಿಲಿನ ಫೋಟೊ ಹಾಕಿ, ಅದಕ್ಕೂ ಅವರನ್ನು ಕೇಳಿಯೇ ಹಾಕಿ. ಅದು ಅವರ ದೇಹ, ಅವರ ಊರು. ನಾಳೆ ಅದೇ ಜನರ ಎದುರು ಅವರು ಬದುಕಬೇಕು.

ಬಂದ ಹಣವನ್ನು ಇದಕ್ಕೆಂದೇ ತೆರೆದ ಪ್ರತ್ಯೇಕ ಖಾತೆಯಲ್ಲಿಡಿ. ಮನೆಖರ್ಚಿನ ಜೊತೆ ಬೆರೆತರೆ ಲೆಕ್ಕ ಕೊಡಲಾಗುವುದಿಲ್ಲ. ವಾರಕ್ಕೊಮ್ಮೆ ಬಂದಿದ್ದು, ಉಳಿದಿದ್ದು ಗ್ರೂಪಿಗೆ ಹಾಕಿ; ಮೊತ್ತ ತಲುಪಿದ ದಿನ ಕ್ಯೂಆರ್ ತೆಗೆದುಹಾಕಿ. ಕೊನೆಗೆ ಬಿಲ್ಲು, ಮುಗಿದ ರ‍್ಯಾಂಪಿನ ಫೋಟೊ. ಒಂದಿಷ್ಟು ಉಳಿದರೆ ಟೈರು, ಬ್ರೇಕು, ದಿಂಬಿನ ಹೊದಿಕೆಗೆ ಎತ್ತಿಡಿ, ಮತ್ತು ಅದನ್ನೂ ಲೆಕ್ಕದಲ್ಲೇ ತೋರಿಸಿ.