ದಿಂಬಂ ಇಳಿದು, ಕಾಳಿಂಗರಾಯನ ಕಾಲುವೆ ಹಿಡಿದು, ಮತ್ತೆ ತುಳಿದೇ ಹತ್ತಿದ್ದು

ತಾಳವಾಡಿಯಿಂದ ಹೊರಟು ದಿಂಬಂ ಘಾಟಿ ಇಳಿದು, ಕಾಳಿಂಗರಾಯನ ಕಾಲುವೆಯ ಏರಿ ಹಿಡಿದು ಕಾವೇರಿ ದಡದ ಕೊಡುಮುಡಿಯ ತನಕ ಹೋಗಿ ನಾಲ್ಕನೆಯ ದಿನ ಮನೆಯ ಅಂಗಳದಲ್ಲೇ ಸೈಕಲ್ ಇಳಿದಿದ್ದೇನೆ. ನಡುವೆ ವ್ಯಾನಿಗೆ ಕೈ ಒಡ್ಡಲಿಲ್ಲ, ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಏರಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಚಾಮರಾಜನಗರದ ಗೆಳೆಯರು ಇನ್ನೂ ನಂಬಿಲ್ಲ. ಅವರ ವಾದ ಸರಳವಾಗಿತ್ತು: ಕಾಲುವೆಯ ಏರಿಯ ಮೇಲೆ ಹೋಗಲು ದಪ್ಪ ಟೈರಿನ ಸೈಕಲ್ ಬೇಕು, ಅದರಲ್ಲಿ ದಿಂಬಂ ಹತ್ತಿದರೆ ಮೊಣಕಾಲು ಹೋಗುತ್ತದೆ; ಘಾಟಿಗೆ ರೋಡ್ ಬೈಕ್ ಬೇಕು, ಅದು ಏರಿಯ ಮುಳ್ಳಿನಲ್ಲಿ ಅರ್ಧ ಗಂಟೆಯೂ ಬಾಳುವುದಿಲ್ಲ. ಒಂದೇ ಸೈಕಲ್‌ನಲ್ಲಿ ಎರಡೂ ಆಗದು. ಮೂರು ಸಲ ಅವರ ಮಾತೇ ನಿಜವಾಯಿತು.

ನಮ್ಮದು ವಿಚಿತ್ರ ಊರು. ಮನೆಯಲ್ಲಿ ಕನ್ನಡ, ಪೇಟೆ ಚಾಮರಾಜನಗರ, ಜಿಲ್ಲಾ ಕಚೇರಿ ಮಾತ್ರ ಘಾಟಿಯ ಕೆಳಗೆ ನೂರು ಕಿಲೋಮೀಟರಿಗೂ ದೂರದ ತಮಿಳುನಾಡಿನ ಈರೋಡಿನಲ್ಲಿ. ಅಪ್ಪ ಪಟ್ಟಾದ ಕೆಲಸಕ್ಕೆಂದು ಬಸ್ಸು ಹತ್ತಿ ಹೋಗಿ ಬರುತ್ತಿದ್ದಾಗಲೆಲ್ಲ ಅಲ್ಲಿನ ತುಂಬಿ ಹರಿಯುವ ಕಾಲುವೆಗಳ ವರ್ಣನೆ ಮಾಡುತ್ತಿದ್ದರು. ಕೊಳವೆಬಾವಿ ನಂಬಿ ಆಲೂಗಡ್ಡೆ, ಕೋಸು ಬೆಳೆಯುವ ನಮಗೆ ಅದು ಕತೆಯ ಹಾಗೆ ಕೇಳುತ್ತಿತ್ತು. ಆ ನೀರಿನ ಪಕ್ಕದಲ್ಲಿ ಸೈಕಲ್ ತುಳಿಯಬೇಕೆಂಬ ಹುಚ್ಚು ಅಲ್ಲಿಂದಲೇ ಹತ್ತಿದ್ದು.

ಮೊದಲ ಸಲ 25 ಮಿಲಿಮೀಟರ್ ಟೈರಿನಲ್ಲಿ ಹೋದೆ. ಘಾಟಿ ಇಳಿಯುವಾಗಲೇ ಪೆಟ್ಟು ಬಿತ್ತು. ದಿಂಬಂನಿಂದ ಘಾಟಿಯ ಬುಡದ ಬಣ್ಣಾರಿಗೆ ಹದಿಮೂರು ಕಿಲೋಮೀಟರಿನಷ್ಟು ಇಳಿಜಾರು, 27 ಹಿಮ್ಮುರಿ ತಿರುವುಗಳು, ಪ್ರತಿ ತಿರುವಿಗೂ ನಂಬರ್ ಬರೆದ ಫಲಕ. ನಾನು ಬ್ರೇಕ್ ಹಿಡಿದೇ ಇಳಿದೆ. ನನ್ನದು ರಿಮ್ ಬ್ರೇಕ್, ಚಕ್ರದ ಅಂಚಿನ ಬಳೆಯನ್ನೇ ಹಿಡಿದು ನಿಲ್ಲಿಸುವಂಥದು. ರಿಮ್ ಕಾದು ಹಿಂದಿನ ಟ್ಯೂಬ್ ಪಟಾಕಿಯಂತೆ ಸಿಡಿಯಿತು; ಹಿಂದೆ ಬರುತ್ತಿದ್ದ ಲಾರಿಯವನು ತನ್ನದೇ ಟೈರ್ ಹೋಯಿತೆಂದು ನಿಲ್ಲಿಸಿದ. ಹೇಗೋ ಭವಾನಿ ಪಟ್ಟಣ ಮುಟ್ಟಿ ಕಾಲುವೆ ಏರಿ ಹತ್ತಿದರೆ ಸೀಮೆ ಜಾಲಿಯ ಮುಳ್ಳು. ಇಪ್ಪತ್ತು ಕಿಲೋಮೀಟರಿನಲ್ಲಿ ಏಳು ಪಂಕ್ಚರ್. ಪ್ಯಾಚ್ ಮುಗಿದವು, ತಾಳ್ಮೆಯೂ ಮುಗಿಯಿತು. ಈರೋಡಿಗೆ ಆಟೋದವನು ನಾನೂರೈವತ್ತು ಕೇಳಿದ, ಕೊಟ್ಟೆ.

ಎರಡನೆಯ ಸಲ ಟೈರ್ 28ಕ್ಕೆ ಏರಿಸಿದೆ, ಆದರೆ ಎಲ್ಲವನ್ನೂ ಎರಡೇ ದಿನದಲ್ಲಿ ಮುಗಿಸುವ ಶೌರ್ಯ ತೋರಿಸಹೊರಟೆ. ಬಣ್ಣಾರಿಗೆ ವಾಪಸ್ ಬಂದಾಗ ಮಧ್ಯಾಹ್ನ ಎರಡು ಗಂಟೆ. ಕಾಲಿನಲ್ಲಿ ನೂರಿಪ್ಪತ್ತು ಕಿಲೋಮೀಟರ್, ಗೇರಿನ ಚಕ್ರಕ್ಕೆ ಮುಂದೆ 39 ಹಲ್ಲು, ಹಿಂದೆ 25, ಏರಿಗೆ ಬಲು ಭಾರ. ಒಂಬತ್ತನೆಯ ತಿರುವಿನಲ್ಲಿ ಕೂತುಬಿಟ್ಟೆ. ಕೋತಿಗಳು ಬಂದು ಚೀಲದಲ್ಲಿದ್ದ ಕಡಲೆಮಿಠಾಯಿ ಒಯ್ದವು. ತರಕಾರಿ ಇಳಿಸಿ ಖಾಲಿ ಬರುತ್ತಿದ್ದ ನಮ್ಮೂರಿನ ಪಿಕಪ್ ಸಿಕ್ಕಿತು, ಮುನ್ನೂರು ರೂಪಾಯಿ. ಊರಿನಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು.

ಮೂರನೆಯ ಸೋಲು ದುಬಾರಿಯದು. ಹತ್ತಲು ಹಗುರಾಗಲೆಂದು ಹಿಂದೆ 34 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಗೇರುಗಳ ಕಟ್ಟು) ಬೇಕೆಂದು ಹೋದರೆ, ನಗರದ ಒಂದು ಅಂಗಡಿಯವರು ಸರಪಳಿಯನ್ನು ಗೇರಿನಿಂದ ಗೇರಿಗೆ ದಾಟಿಸುವ ನನ್ನ ಹಳೆಯ ಗಿಡ್ಡ ಕೈಯ ಡಿರೇಲರ್‌ಗೇ ಅದನ್ನು ಕೂರಿಸಿ ‘ನಡೆಯುತ್ತದೆ’ ಎಂದರು. ಅಂಗಡಿಯ ಮುಂದೆ ನಡೆಯಿತು. ಘಾಟಿಯ ಮೇಲಿನ ಹಾಸನೂರಿನ ಹತ್ತಿರ ಸರಪಳಿ ಬಿಗಿದು, ಡಿರೇಲರ್ ತೂಗುವ ಹ್ಯಾಂಗರ್ ಸೊಟ್ಟಗಾಯಿತು. ಕ್ಯಾಸೆಟ್ಟು, ಸರಪಳಿ, ಕೂಲಿ ಸೇರಿ ನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಉದ್ದ ಕೈಯ ಡಿರೇಲರ್‌ಗೆ ಮತ್ತೆ ಎರಡು ಸಾವಿರದ ಚಿಲ್ಲರೆ. ಹದಿನಾಲ್ಕು ಸಾವಿರಕ್ಕೆ ತಂದ ಹಳೆಯ ಉಕ್ಕಿನ ಸೈಕಲ್ ಅದು. ಅದರ ಮೇಲೆ ಇಷ್ಟು ಖರ್ಚಾಯಿತೆಂದು ಮನೆಯಲ್ಲಿ ಈಗಲೂ ಹೇಳಿಲ್ಲ.

ಈ ನಡುವೆ ಪಂಕ್ಚರಿನ ಮದ್ದು ಮನೆಯಲ್ಲೇ ತಯಾರಿಸುವ ಹಟ ಹಿಡಿಯಿತು. ಸುಳ್ಯದ ಕಡೆಯ ಪರಿಚಯದವರೊಬ್ಬರು ಅಮೋನಿಯಾ ಹಾಕಿಟ್ಟ ರಬ್ಬರ್ ಹಾಲು ಎರಡು ಬಾಟಲಿ ಕೊಟ್ಟರು. ಮೊದಲು ನೀರು ಮತ್ತು ಮರದ ಪುಡಿ ಬೆರೆಸಿದೆ, ವಾರದಲ್ಲಿ ಮೊಸರಾಯಿತು. ಆಮೇಲೆ ಮೊಟ್ಟೆಯ ಚಿಪ್ಪಿನ ಪುಡಿ, ವಾಲ್ವ್ ಕಟ್ಟಿಕೊಂಡಿತು. ಟ್ಯೂಬಿಲ್ಲದೆ ನೇರ ಟೈರಿಗೆ ಹಾಕಿ ನೋಡೋಣವೆಂದು ಕೊಟ್ಟಿಗೆಯಲ್ಲಿ ಗಾಳಿ ತುಂಬಿದಾಗ ಟೈರ್ ರಿಮ್ಮಿನಿಂದ ಹಾರಿ ಬಿಳಿಯ ರಸವೆಲ್ಲ ಹಸುವಿನ ಬೆನ್ನಿನ ಮೇಲೆ. ಎರಡು ದಿನ ಅದು ಹಾಲು ಇಳಿಸಲಿಲ್ಲ. ಕೊನೆಗೆ ಟ್ಯೂಬಿನೊಳಗೇ ಹಾಕುವ ಮಿಶ್ರಣವೊಂದು ಹದಕ್ಕೆ ಬಂತು: ರಬ್ಬರ್ ಹಾಲು, ನೀರು, ಇನ್ನೊಂದು ವಸ್ತು. ಆ ಇನ್ನೊಂದು ಯಾವುದೆಂದು ಕೇಳಬೇಡಿ. ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ ಎಂದಷ್ಟೇ ಹೇಳಬಲ್ಲೆ. ಹಾಕುವವರು ಕಳಚುವ ವಾಲ್ವಿನ ಟ್ಯೂಬನ್ನೇ ಕೊಳ್ಳಿ, ರಿಮ್ಮಿಗೆ ತಾಗಿದರೆ ಕೂಡಲೇ ಒರೆಸಿ. ಅಮೋನಿಯಾ ಅಲ್ಯೂಮಿನಿಯಂ ತಿನ್ನುತ್ತದೆ.

ನಾಲ್ಕನೆಯ ಸಲದ ಲೆಕ್ಕ ಹೀಗಿತ್ತು: 32ರ ಟೈರ್, ಗೇರಿಗೆ ಮುಂದೆ 34 ಹಲ್ಲು, ಹಿಂದೆಯೂ 34, ನಾಲ್ಕು ದಿನ, ಮೂರು ರಾತ್ರಿ. ಮುಖ್ಯವಾದದ್ದು ದಿನಗಳ ಹಂಚಿಕೆ. ಘಾಟಿಯನ್ನು ಹೊಸ ಕಾಲಿನಿಂದ, ಬೆಳಗಿನ ತಂಪಿನಲ್ಲಿ ಹತ್ತಬೇಕು. ಆದ್ದರಿಂದ ಕೊನೆಯ ರಾತ್ರಿ ಸತ್ಯಮಂಗಲದಲ್ಲೇ ಮಲಗಬೇಕು. ಇಷ್ಟು ತಿಳಿಯಲು ಮೂರು ಸೋಲು ಬೇಕಾಯಿತು.

ಕಾಡಿನ ದಾರಿಯ ವಿಷಯದಲ್ಲಿ ಶೌರ್ಯ ಬೇಡ. ಹಾಸನೂರಿನ ಸುತ್ತ ಆನೆಗಳು ಕಬ್ಬಿನ ಲಾರಿಗೆ ಕಾದು ರಸ್ತೆಯಲ್ಲೇ ನಿಲ್ಲುತ್ತವೆ, ಸೈಕಲ್‌ನವನ ಹತ್ತಿರ ಕಬ್ಬಿಲ್ಲವೆಂದು ಅವಕ್ಕೆ ಹೇಳುವವರು ಯಾರು? ಇದು 2013ರಿಂದ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ ವಾಹನಗಳಿಗೇ ದಾರಿಯಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟೆ, ಚೆಕ್‌ಪೋಸ್ಟಿನಲ್ಲಿ ಆ ದಿನದ ಆನೆಯ ಸುದ್ದಿ ಕೇಳಿದೆ, ಹಾಸನೂರು–ದಿಂಬಂ ನಡುವೆ ವಾಹನಗಳ ಕಣ್ಣಳತೆ ಬಿಟ್ಟು ಹೋಗಲಿಲ್ಲ. ಒಮ್ಮೆ ಚೆಕ್‌ಪೋಸ್ಟಿನವರು ಬೇಡವೆಂದಾಗ ಮನೆಗೆ ತಿರುಗಿದ್ದೇನೆ. ಅದನ್ನು ಸೋಲಿನ ಲೆಕ್ಕಕ್ಕೆ ಸೇರಿಸಿಲ್ಲ.

ಘಾಟಿ ಇಳಿಯುವಾಗ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಂದೆ. ಎರಡು ಕಡೆ ನಿಂತು ರಿಮ್ ಮುಟ್ಟಿ ನೋಡಿದೆ. ಎಲ್ಲಿ ನಿಲ್ಲಬೇಕೆಂಬುದು ಮಾತ್ರ ನನ್ನ ಗುಟ್ಟು, ಅಲ್ಲಿ ನೆರಳೂ ಉಂಟು, ಲಾರಿಯ ಕಾಟವೂ ಇಲ್ಲ. ಸತ್ಯಮಂಗಲ, ಗೋಪಿಚೆಟ್ಟಿಪಾಳ್ಯದ ಮೇಲೆ ಭವಾನಿ. ಒಟ್ಟು ನೂರಮೂವತ್ತು ಕಿಲೋಮೀಟರಿನಷ್ಟು. ಭವಾನಿಸಾಗರದಿಂದ ಬರುವ ದೊಡ್ಡ ಕಾಲುವೆ ಇನ್ನೂರು ಕಿಲೋಮೀಟರ್ ಉದ್ದದ್ದು, ಅದರ ಏರಿಯನ್ನೂ ಸ್ವಲ್ಪ ತುಳಿದು ನೋಡಿದೆ. ಸ್ವಾತಂತ್ರ್ಯದ ನಂತರದ ಕೆಲಸ, ಅಗಲ, ನೇರ. ನನಗೆ ರುಚಿಸಲಿಲ್ಲ.

ರುಚಿಸಿದ್ದು ಕೊಂಗುನಾಡಿನ ನಾಯಕ ಕಾಳಿಂಗರಾಯನದು. 1283ರ ಹೊತ್ತಿಗೆ ಮುಗಿಯಿತೆನ್ನುವ ಕಾಲುವೆ, ಭವಾನಿ ನದಿ ಕಾವೇರಿಗೆ ಸೇರುವ ಮುನ್ನ ಕಟ್ಟಿದ ಅಣೆಕಟ್ಟಿನಿಂದ ಹೊರಟು ಕಾವೇರಿಯ ಬಲಗಡೆಯಲ್ಲೇ ತೊಂಬತ್ತು ಕಿಲೋಮೀಟರಿನಷ್ಟು ಸಾಗಿ ನೊಯ್ಯಲ್ ನದಿ ಸೇರುತ್ತದೆ. ಹಾವೊಂದು ಮುಂದೆ ಹರಿದು ದಾರಿ ತೋರಿಸಿತು, ಅದಕ್ಕೇ ಇಷ್ಟು ತಿರುವು ಎಂದು ಅಲ್ಲಿಯವರು ಹೇಳುತ್ತಾರೆ. ಹಾವೋ ಮನುಷ್ಯನೋ, ಮಟ್ಟ ಬಲ್ಲವನೇ ಗೆರೆ ಎಳೆದಿದ್ದಾನೆ: ಏರಿಯ ಮೇಲೆ ಗೇರ್ ಬದಲಿಸಿದ ನೆನಪೇ ಇಲ್ಲ. ಆದರೆ ವೇಗ ಗಂಟೆಗೆ ಹದಿನಾಲ್ಕು ಕಿಲೋಮೀಟರ್ ದಾಟದು. ತಿರುವು, ಮೇಕೆ, ಬಟ್ಟೆ ಒಗೆಯುವವರು, ಮತ್ತೆ ತಿರುವು. ಈರೋಡಿನ ಹತ್ತಿರ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕು ನೀರಿಗೆಂದು ಪಕ್ಕದಲ್ಲಿ ಮರಿಗಾಲುವೆಯೊಂದನ್ನು ತೋಡಿದ್ದಾರೆ. ಆ ನಾತವನ್ನು ಮೂಗು ಮುಚ್ಚಿ ದಾಟಿ ಮುಖ್ಯರಸ್ತೆಗೆ ಸರಿಯುವುದು ಮೇಲು. ಊರು ದಾಟಿದ ಮೇಲೆ ಬಾಳೆ, ಭತ್ತ, ಅರಿಸಿನ. ಮಾಘದ ಹೊತ್ತು, ಹೊಲದಲ್ಲೇ ಅರಿಸಿನ ಬೇಯಿಸುತ್ತಿದ್ದರು. ಅಂಗಿಗೆ ಹತ್ತಿದ ವಾಸನೆ ಮನೆಯ ತನಕ ಬಂತು.

ಅಲ್ಲೊಂದು ಕಡೆ ಹುಚ್ಚು ಪರೀಕ್ಷೆ ಮಾಡಿದೆ. ಒಣ ತೆಂಗಿನಕಾಯಿಯೊಂದನ್ನು ನೀರಿಗೆಸೆದು, ಎರಡೂವರೆ ಕಿಲೋಮೀಟರ್ ಮುಂದಿನ ಸೇತುವೆಯಲ್ಲಿ ಚಹಾ ಕುಡಿಯುತ್ತ ಕಾದೆ. ಒಂದು ಗಂಟೆಯ ಮೇಲೆ ಐದೋ ಹತ್ತೋ ನಿಮಿಷಕ್ಕೆ ಬಂತು. ಚಹಾ ಅಂಗಡಿಯವನು ‘ಕರ್ನಾಟಕವಾ?’ ಎಂದ. ‘ಈರೋಡು ಜಿಲ್ಲೆಯೇ’ ಎಂದೆ. ನಂಬಲಿಲ್ಲ. ಪಂಕ್ಚರ್ ಆ ದಿನ ಒಂದೇ, ಅದೂ ಮುಳ್ಳಿನದಲ್ಲ, ಮೊಳೆಯದು. ಕೊಡುಮುಡಿಯಲ್ಲಿ ಟೈರಿನಿಂದ ಹನ್ನೊಂದು ಮುಳ್ಳು ಕಿತ್ತೆ. ಒಂದೂ ಗಾಳಿ ಇಳಿಸಿರಲಿಲ್ಲ.

ಎರಡನೆಯ ರಾತ್ರಿ ಈರೋಡಿನ ಲಾಡ್ಜ್, ಆರುನೂರು ರೂಪಾಯಿ, ಸೈಕಲ್ ಕೋಣೆಯೊಳಗೇ. ಮೂರನೆಯ ದಿನ ಆರಾಮ, ಕೊಡಿವೇರಿ ಅಣೆಕಟ್ಟಿನ ಕೆಳಗೆ ಸ್ನಾನ, ಕರಿದ ಮೀನು. ನಾಲ್ಕನೆಯ ದಿನ ಏಳೂವರೆಗೆ ಬಣ್ಣಾರಿಯಮ್ಮನಿಗೆ ಕೈಮುಗಿದು ಹತ್ತಲು ಶುರು. ತಿರುವಿನ ಒಳಮಗ್ಗುಲು ಕಡಿದು, ಅಲ್ಲಿ ಕಾಲು ಸುಡಬೇಡಿ. ಎದುರಿಗೆ ವಾಹನ ಇಲ್ಲದಾಗ ಹೊರಮಗ್ಗುಲಿನ ಸಮತಟ್ಟು ಹಿಡಿಯಿರಿ. ಹನ್ನೊಂದನೆಯ ತಿರುವಿನ ಸುಮಾರಿಗೆ ದೊಡ್ಡ ಲಾರಿಯೊಂದು ಸಿಕ್ಕಿಕೊಂಡು ಎರಡೂ ಕಡೆ ವಾಹನ ನಿಂತಿದ್ದವು. ಕಾರಿನವರೆಲ್ಲ ಇಳಿದು ನಿಂತು ನೋಡುತ್ತಿದ್ದಂತೆ ನಾನು ಪಕ್ಕದಿಂದ ತೂರಿ ಹೋದೆ, ಮುಂದಿನ ಮೂರು ತಿರುವು ರಸ್ತೆಯೆಲ್ಲ ನನ್ನದೇ. ಒಂದು ಗಂಟೆ ನಲವತ್ತು ನಿಮಿಷಕ್ಕೆ ದಿಂಬಂ. ಕಾಲು ಊರಿದ್ದು ಎರಡೇ ಸಲ, ಅದರಲ್ಲಿ ಒಂದು ಲಾರಿಯ ಲೆಕ್ಕಕ್ಕೆ.

ಪ್ರವಾಸದ ಖರ್ಚು ಎರಡೂವರೆ ಸಾವಿರದೊಳಗೆ. ಕಳೆದ ವಾರ ಚಾಮರಾಜನಗರದ ಗೆಳೆಯನೊಬ್ಬ ಬಂದು ಕ್ಯಾಸೆಟ್ಟಿನ ಹಲ್ಲು ಎಣಿಸಿಕೊಂಡು ಹೋದ. ಟ್ಯೂಬ್ ಬಿಚ್ಚಿ ಮೂಸಿಯೂ ನೋಡಿದ. ಅವನಿಗೆ ಹೊಳೆಯಲಿಲ್ಲ.